ಬಚ್ಚಲುಮನೆ ಮೂಲೆಯ ಸಿಲಿಕೋನ್ ಕಪ್ಪಾಗಿ ಏಳುತ್ತಿದೆ, ಮೇಲೆಯೇ ಇನ್ನೊಂದು ಪದರ ಹಾಕಬಹುದೇ?

ಕರಾವಳಿಯ ಗೃಹಿಣಿ:
ನಮ್ಮದು ಮಂಗಳೂರಿನಲ್ಲಿ ಹಳೆಯ ಫ್ಲ್ಯಾಟ್. ಬಚ್ಚಲಿನ ಗೋಡೆಯ ಟೈಲ್ಸ್ ನೆಲಕ್ಕೆ ಸೇರುವ ಸಂದಿಗೆ ಹಾಕಿದ್ದ ಬಿಳಿ ಸಿಲಿಕೋನ್ ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪು ಚುಕ್ಕೆ ಹಿಡಿದಿದೆ. ತುದಿಯನ್ನು ಉಗುರಿನಿಂದ ಎತ್ತಿದರೆ ಉದ್ದಕ್ಕೂ ಎದ್ದು ಬರುತ್ತದೆ. ಬ್ಲೀಚ್ ಹಾಕಿ ಉಜ್ಜಿದರೂ ಕಪ್ಪು ಹೋಗಲಿಲ್ಲ. ಕೆಲಸಕ್ಕೆ ಕರೆದವರು, "ಇದರ ಮೇಲೆಯೇ ಇನ್ನೊಂದು ಗೆರೆ ಎಳೆದರಾಯಿತು" ಎನ್ನುತ್ತಾರೆ. ನನಗೇಕೋ ನಂಬಿಕೆ ಬರುತ್ತಿಲ್ಲ. ಬಾಗಿಲ ಹತ್ತಿರ ಅಮೃತಶಿಲೆಯ ಪಟ್ಟಿ ಬೇರೆ ಇದೆ. ನಾನೇ ಮಾಡಿಕೊಳ್ಳಬಹುದೇ?

ಬೆಂಗಳೂರಿಗ:
ಸಿಲಿಕೋನ್ ಗೋಜೇ ಬೇಡ. ಬಿಳಿ ಸಿಮೆಂಟ್ ಕಲಸಿ ತುಂಬಿ, ಸಾಕು.

ಗಾರೆ ಕೈ, ಶಿವಮೊಗ್ಗ:
ಮೂಲೆಗೆ ಬಿಳಿ ಸಿಮೆಂಟ್ ನಿಲ್ಲುವುದಿಲ್ಲ ಸ್ವಾಮಿ. ಗೋಡೆಯೂ ನೆಲವೂ ಬಿಸಿಗೆ, ಭಾರಕ್ಕೆ ಬೇರೆ ಬೇರೆಯಾಗಿ ಕದಲುತ್ತವೆ. ಎರಡೂ ಸೇರುವ ಕಡೆ ಸಿಮೆಂಟ್ ಕೂದಲೆಳೆಯಷ್ಟು ಬಿರಿದರೂ ನೀರಿಗೆ ದಾರಿ ಸಿಕ್ಕಿತು. ಅಲ್ಲಿ ಜಗ್ಗುವ ವಸ್ತುವೇ ಬೇಕು.

ಮೇಡಂ, ನಿಮ್ಮ ಅನುಮಾನ ಸರಿಯಾಗಿದೆ. ಗಟ್ಟಿಯಾದ ಸಿಲಿಕೋನಿನ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ. ಗೆರೆ ಎಳೆದವರು ಹಣ ಎಣಿಸಿಕೊಂಡು ಹೋದ ಮೇಲೆ ಅದು ಏಳುತ್ತದೆ. ಕಪ್ಪು ಬೂಷ್ಟು ಒಳಗೂ ಇಳಿದಿರುವುದರಿಂದ ಬ್ಲೀಚ್ ಮೇಲ್ಮೈಯನ್ನಷ್ಟೇ ಬೆಳ್ಳಗೆ ಮಾಡೀತು. ಬ್ಲೀಚ್ ಬಳಸಿದ ಜಾಗಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ತಾಗಿಸಬೇಡಿ, ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ.

ಹಳೆಯದನ್ನು ಪೂರ್ತಿ ತೆಗೆಯಿರಿ. ಕಟ್ಟರ್ ಬ್ಲೇಡಿನಿಂದ ಗೋಡೆಯ ಕಡೆ ಒಂದು, ನೆಲದ ಕಡೆ ಒಂದು ಗೀರು ಹಾಕಿ ಎಳೆಯಿರಿ. ಅಂಟಿಕೊಂಡು ಉಳಿದ ತೆಳು ಪೊರೆಯನ್ನು ಬ್ಲೇಡ್ ಮಲಗಿಸಿ ಕೆರೆದು, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ. ಬೋರ್‌ವೆಲ್ ನೀರಿನ ಬಿಳಿ ಪದರವಿದ್ದರೆ ಅದೂ ಹೋಗಬೇಕು.

ಆಮೇಲೆ ಒಣಗಿಸುವುದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಟೈಲ್ಸ್ ಬೆಳ್ಳಗೆ ಒಣಗಿ ಕಂಡರೂ ಸಂದಿನ ಆಳದಲ್ಲಿ ನೀರು ಕುಳಿತಿರುತ್ತದೆ. ಟಿಶ್ಯೂ ಪೇಪರನ್ನು ಮಡಚಿ ಸಂದಿಗೆ ತುರುಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಅದು ಮೆತ್ತಗಾಗಿದ್ದರೆ ಫ್ಯಾನ್ ಇಟ್ಟು ಇನ್ನೂ ಕಾಯಿರಿ. ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ನಿಮ್ಮೂರಿನ ಹವೆಗೆ ಹೆದರಬೇಕಿಲ್ಲ. ಸಂದಿನೊಳಗಿನ ನೀರಿಗೆ ಹೆದರಿ.

ಅಂಗಡಿಯಲ್ಲಿ ಅಗ್ಗದ ಟ್ಯೂಬ್ ಕೊಟ್ಟರೆ ತೆಗೆದುಕೊಳ್ಳಬೇಡಿ. ವಿನೆಗರ್ ವಾಸನೆ ಬರುವ ಬಗೆಯಲ್ಲಿ ಅಸಿಟಿಕ್ ಆಮ್ಲ ಹೊರಬೀಳುತ್ತದೆ, ಅದು ಅಮೃತಶಿಲೆಯನ್ನು ತಿನ್ನುತ್ತದೆ. ಬೂಷ್ಟು ತಡೆಯುವ, ನ್ಯೂಟ್ರಲ್ (ಆ ಆಮ್ಲ ಬಿಡದ) ಬಗೆಯ ಸ್ಯಾನಿಟರಿ ಸಿಲಿಕೋನ್ ಕೇಳಿ. ಅಮೃತಶಿಲೆಗೂ ಆಗುತ್ತದೆ ಎಂದು ಟ್ಯೂಬಿನ ಮೇಲೆ ಬರೆದಿದೆಯೇ ನೋಡಿಕೊಳ್ಳಿ.

ಸಂದಿನ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೂತಿಯನ್ನು ಓರೆಯಾಗಿ ಕತ್ತರಿಸಿ, ಗನ್ನಿನಿಂದ ನಿಲ್ಲಿಸದೆ ಎಳೆಯಿರಿ. ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಸಲ ಸವರಿ, ಪೊರೆ ಕಟ್ಟುವ ಮೊದಲೇ ಟೇಪ್ ಕಿತ್ತುಬಿಡಿ. ದಿನಕ್ಕೆ ಸುಮಾರು 2–3 ಮಿ.ಮೀ. ಆಳದವರೆಗೆ ಗಟ್ಟಿಯಾಗುತ್ತದೆ. ಕಡಿಮೆಯೆಂದರೂ 24 ಗಂಟೆ, ಗೆರೆ ದಪ್ಪವಿದ್ದರೆ ಇನ್ನೂ ಒಂದು ದಿನ ನೀರು ಬೇಡ.

ಪ್ಲಂಬಿಂಗ್ ಮಾಮ:
ಮೇಸ್ತ್ರಿಗಳು ಹೇಳಿದ್ದೆಲ್ಲ ಸರಿ. ಆದರೆ ಕೆಳಗಿನ ಮನೆಯವರ ಸೀಲಿಂಗ್ ನೋಡಿಕೊಂಡಿದ್ದೀರಾ? ಅಲ್ಲಿ ಒದ್ದೆ ಇದ್ದರೆ ಸಿಲಿಕೋನ್ ಬರೀ ಮುಸುಕು.

ಕರಾವಳಿಯ ಗೃಹಿಣಿ:
ಹೋಗಿ ನೋಡಿ ಬಂದೆ. ನಮ್ಮ ನಹಾನಿ ಟ್ರ್ಯಾಪಿನ, ಅಂದರೆ ಬಚ್ಚಲ ನೀರು ಇಳಿದುಹೋಗುವ ತೂತಿನ, ಕೆಳಗೆ ತಟ್ಟೆಯಗಲದ ಕಂದು ಕಲೆ ಇದೆ. ಅವರು ಇಷ್ಟು ದಿನ ಸುಮ್ಮನಿದ್ದರಂತೆ!

ಪ್ಲಂಬಿಂಗ್ ಮಾಮ:
ಹಾಗಾದರೆ ಟ್ಯೂಬ್ ಕೊಳ್ಳುವುದನ್ನು ಮುಂದೂಡಿ. ಎರಡು ದಿನ ಬಚ್ಚಲನ್ನು ಬಳಸದೆ ಒಣಗಿಸಿ, ಆಮೇಲೆ ಟ್ರ್ಯಾಪಿಗೆ ಮಾತ್ರ ಬಕೆಟ್ಟಿನಿಂದ ನಿಧಾನವಾಗಿ ನೀರು ಹೊಯ್ಯಿರಿ, ನೆಲಕ್ಕೆ ಬೀಳದಂತೆ. ಕಲೆ ಮತ್ತೆ ಒದ್ದೆಯಾದರೆ ದೋಷ ಟ್ರ್ಯಾಪಿನದೋ ಪೈಪಿನದೋ. ಆಗದಿದ್ದರೆ, ಪುನಃ ಒಣಗಿಸಿ ಟ್ರ್ಯಾಪಿನ ಬಾಯಿ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದಂಗುಲ ನೀರು ನಿಲ್ಲಿಸಿ ನೋಡಿ. ಆಗ ಒದ್ದೆಯಾದರೆ ನೆಲದ ವಾಟರ್‌ಪ್ರೂಫಿಂಗ್ ಅಥವಾ ಈ ಮೂಲೆಯ ಸಂದು. ದೋಷ ಟ್ರ್ಯಾಪಿನ ಕಡೆಯದೋ ನೆಲದ ಕಡೆಯದೋ ಎಂದು ಗೊತ್ತಾದ ಮೇಲೆ ಬರೆಯಿರಿ.