ಒಬ್ಬನೇ ಹೋಗು, ರಾತ್ರಿ ನೀರಿಗೆ ಮಾತ್ರ ಇಳಿಯಬೇಡ

(ನಮ್ಮ ಮನೆಯವರ ಮೆಸೇಜ್ ಗುಂಪು. ತಮ್ಮ ಒಂದು ವಿಡಿಯೋ ಹಾಕಿದ್ದಾನೆ. ಕೆನಡಾದ ಟೆಮಗಾಮಿ ಸರೋವರದಲ್ಲಿ ಯಾರೋ ಒಬ್ಬರೇ ಸಣ್ಣ ಹುಟ್ಟುದೋಣಿ ಕಯಾಕ್‌ನಲ್ಲಿ ಕೂತು ರಾತ್ರಿ ಗಾಳ ಹಾಕುತ್ತಿದ್ದಾರೆ.)

ತಮ್ಮ: ಎಷ್ಟು ಚೆನ್ನಾಗಿದೆ ನೋಡಿ. ಶನಿವಾರ ನಾನೂ ಲಿಂಗನಮಕ್ಕಿ ಹಿನ್ನೀರಿಗೆ ಹೊರಟೆ. ಒಬ್ಬನೇ. ಕಯಾಕ್ ಸಿಕ್ಕಿದೆ. ನಡುಗಡ್ಡೆಯಲ್ಲಿ ಟೆಂಟ್ ಹಾಕುತ್ತೇನೆ.

ಅಮ್ಮ: ಒಬ್ಬನೇನಾ? ರಾತ್ರಿಯೆಲ್ಲಾ? ಬೇಡ.

ತಮ್ಮ: ಅಮ್ಮಾ, ನನಗೆ ಈಜು ಬರುತ್ತದೆ.

ಮಾವ: ಅಲ್ಲಿ ಈಜು ಬಂದರೆ ಸಾಲದು ಕಣೋ. 1964ರಲ್ಲಿ ಅಣೆಕಟ್ಟು ಆದಾಗ ಕಾಡು, ಗದ್ದೆ, ತೋಟ ಎಲ್ಲಾ ಮುಳುಗಿದವು. ಮರದ ಬೊಡ್ಡೆಗಳು ಇವತ್ತಿಗೂ ನೀರೊಳಗಿವೆ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಹೋಗುತ್ತದೆ. ತೀರಾ ಇಳಿದಾಗ ಒಳಗೆ ಮುಳುಗಿರುವ 1948ರ ಹಳೇ ಮಡೆನೂರು ಅಣೆಕಟ್ಟೇ ಮೇಲೆ ಕಾಣುತ್ತದೆ. ಹೋದ ತಿಂಗಳು ದೋಣಿ ಸಲೀಸಾಗಿ ಹೋದ ಜಾಗದಲ್ಲಿ ಈಗ ಬೊಡ್ಡೆ ಒಂದು ಗೇಣು ಕೆಳಗೆ ಇರಬಹುದು. ಹಗಲಲ್ಲಿ ನೋಡಿ ತಪ್ಪಿಸಬಹುದು. ರಾತ್ರಿ ಹೆಡ್‌ಲ್ಯಾಂಪ್ ಹಾಕಿದರೆ ನೀರಿನ ಮೇಲೆ ಬೆಳಕು ಹೊಳೆಯುತ್ತದೆ, ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ.

ತಮ್ಮ: ನಾಲ್ಕು ಜನ ಹೋದರೆ ಬರೀ ಮಾತು, ಸ್ಪೀಕರ್, ಗಲಾಟೆ. ಹಾಗೆ ಹೋಗುವುದಕ್ಕಿಂತ ಮನೆಯಲ್ಲಿ ಇರುವುದೇ ವಾಸಿ. ವಾರವೆಲ್ಲಾ ಆಫೀಸಿನಲ್ಲಿ ಜನರ ಮಧ್ಯೆ ಇರುತ್ತೇನೆ ಮಾವ. ಒಂದು ರಾತ್ರಿ ಸುಮ್ಮನೆ ಕೂರಬೇಕು ಅನ್ನಿಸುತ್ತದೆ.

ನಾನು: ಆ ಆಸೆ ನನಗೆ ಅರ್ಥವಾಗುತ್ತದೆ. ಇಲ್ಲಿ ಕೆನಡಾದ ಒಂಟಾರಿಯೋದಲ್ಲಿ ಒಬ್ಬರೇ ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ವಿಡಿಯೋದಲ್ಲಿ ಕಾಣದ ಕೆಲಸ ಜಾಸ್ತಿ ಇರುತ್ತದೆ. ಸರಿಯಾಗಿ ಹೋಗುವವರು ಯಾವ ದಡ, ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅಂತ ಮನೆಯಲ್ಲಿ ಬರೆದುಕೊಟ್ಟು ಹೋಗುತ್ತಾರೆ. ಗಂಟೆ ದಾಟಿದರೆ ಮನೆಯವರು ಪೊಲೀಸರಿಗೆ ಫೋನ್ ಮಾಡುತ್ತಾರೆ. ನೆಟ್‌ವರ್ಕ್ ಇಲ್ಲದ ಕಡೆ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ ಜೊತೆಗಿರುತ್ತದೆ. ಲೈಫ್ ಜಾಕೆಟ್ ಮೈಮೇಲೇ ಇರುತ್ತದೆ. ಇಲ್ಲಿ ಮೇ ತಿಂಗಳ ನೀರಿಗೆ ಬಿದ್ದರೆ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ. ಹತ್ತು ನಿಮಿಷದೊಳಗೆ ಕೈಬೆರಳು ಸೋಲುತ್ತವೆ, ಆಮೇಲೆ ಜಾಕೆಟ್ ಬಕಲ್ ಹಾಕಲೂ ಆಗುವುದಿಲ್ಲ. ನಮ್ಮೂರ ನೀರು ಅಷ್ಟು ತಣ್ಣಗಿಲ್ಲ, ನಿಜ. ಆದರೆ ಕತ್ತಲಲ್ಲಿ ಬೊಡ್ಡೆಗೆ ತಲೆ ಹೊಡೆದರೆ ನಿನ್ನನ್ನು ಎತ್ತುವವರು ಯಾರು?

ತಮ್ಮ: ಹಾಗಾದರೆ ಆ ಉಪಗ್ರಹದ ಸಾಧನ ನೀನು ಬರುವಾಗ ತಂದುಕೊಡು ಅಕ್ಕ.

ನಾನು: ತರುವುದಿಲ್ಲ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲೇ ಹಿಡಿದ ಉದಾಹರಣೆಗಳಿವೆ. ಅದಕ್ಕೇ ಹೇಳುತ್ತಿದ್ದೇನೆ, ಅಲ್ಲಿ ನಿನಗೆ ಆ ಆಸರೆಯೂ ಇಲ್ಲ.

ಅಮ್ಮ: ಇಷ್ಟೆಲ್ಲಾ ಯಾಕೆ? ಹೋಗುವುದೇ ಬೇಡ ಅಂದರೆ ಮುಗಿಯಿತು.

ನಾನು: ಅಮ್ಮಾ, ಹಾಗನ್ನಬೇಡ. ಬೇಡವೇ ಬೇಡ ಅಂದರೆ ಹೇಳದೆ ಹೋಗುತ್ತಾನೆ. ಎಲ್ಲಿದ್ದಾನೆ ಅಂತಲೂ ನಮಗೆ ಗೊತ್ತಿರುವುದಿಲ್ಲ. ನನಗೆ ಅದೇ ಜಾಸ್ತಿ ಭಯ. ಅವನು ಒಬ್ಬನೇ ಇರಲಿ, ಆದರೆ ದಡದಲ್ಲಿ ಇರಲಿ.

ಮಾವ: ಅದು ಸರಿ. ನಡುಗಡ್ಡೆ ಆಸೆ ಬಿಡು. ಅಲ್ಲಿನ ಶರಾವತಿ ಅಭಯಾರಣ್ಯದ ಗಡಿಯೊಳಗೆ ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ರಾತ್ರಿ ತಂಗುವ ಹಾಗಿಲ್ಲ. ಮೀನು ಹಿಡಿಯುವುದಕ್ಕೂ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಅದನ್ನು ಮೊದಲು ಮಾಡಿಸು. ನನ್ನ ಸ್ನೇಹಿತರ ಮನೆ ಹಿನ್ನೀರಿನ ಪಕ್ಕದಲ್ಲೇ ಇದೆ. ಅವರ ಗದ್ದೆ ಕೆಳಗೆ ಕೂತುಕೋ, ಕೂಗಿದರೆ ಕೇಳುತ್ತದೆ. ಗೆಂಡೆ ಮೀನು ರಾತ್ರಿ ಮೇಯಲು ದಡದ ಹತ್ತಿರವೇ ಬರುತ್ತದೆ. ರಾಗಿ ಮುದ್ದೆಗೆ ಕಡಲೆಕಾಯಿ ಹಿಂಡಿ ಕಲಸಿ ಗಾಳಕ್ಕೆ ಹಾಕು. ಒಂದು ಮಾತು, ನೀರು ಇಳಿದ ಜಾಗದ ಕೆಸರಿಗೆ ಕಾಲಿಡಬೇಡ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಮೊಣಕಾಲು ದಾಟುತ್ತದೆ. ಹಾವಿನ ಕಾಟವೂ ಇದೆ, ಗಂಬೂಟ್ ಹಾಕಿಕೋ.

ತಮ್ಮ: ಸರಿ ಮಾವ, ದಡಕ್ಕೆ ಒಪ್ಪಿದೆ. ಆದರೆ ಬೆಳಗ್ಗೆ ಬೆಳಕು ಹರಿದ ಮೇಲೆ ಕಯಾಕ್ ಇಳಿಸುತ್ತೇನೆ.

ಅಮ್ಮ: ಅದೂ ಬೇಡ.

ನಾನು: ಜಾಕೆಟ್ ಹಾಕಿಕೊಂಡರೆ ನನ್ನ ಅಡ್ಡಿ ಇಲ್ಲ. ಹತ್ತು ಗಂಟೆಗೆ ನೆಟ್‌ವರ್ಕ್ ಇರುವ ಕಡೆ ಬಂದು ಇಲ್ಲಿ ಮೆಸೇಜ್ ಹಾಕಬೇಕು. ಇಲ್ಲದಿದ್ದರೆ ಮಾವ ಹೊರಡುತ್ತಾರೆ.

ಮಾವ: ಹತ್ತೂವರೆಗೆ ಬೈಕ್ ಹತ್ತುತ್ತೇನೆ. ಪರವಾನಗಿ ಫೋಟೋ ಶುಕ್ರವಾರದೊಳಗೆ ಇಲ್ಲಿ ಹಾಕು.