ರಿಕರ್ಸಿವ್ ಆಗಿ ಫೋಲ್ಡರ್ ಮಾಡುವ ಫಂಕ್ಷನ್: ಯಾವ ಯಾವ ಪಾಥ್ ಕೊಟ್ಟು ಟೆಸ್ಟ್ ಮಾಡಬೇಕು?

ಕಡತಪೆಟ್ಟಿಗೆ:
ಪೈಥಾನ್‌ನಲ್ಲಿ ಕೈಯಿಂದಲೇ ಬರೆದ ಫಂಕ್ಷನ್. ಮೇಲಿನ ಫೋಲ್ಡರ್ ಇಲ್ಲದಿದ್ದರೆ ಡರ್‌ನೇಮ್ (ಪಾಥ್‌ನ ಕೊನೆಯ ಹೆಸರು ಬಿಟ್ಟು ಉಳಿದ ಭಾಗ) ತೆಗೆದು ತನ್ನನ್ನೇ ಮತ್ತೆ ಕರೆಯುತ್ತೆ, ಆಮೇಲೆ ಎಂಕೆಡಿಐಆರ್ (ಒಂದು ಫೋಲ್ಡರ್ ಮಾಡುವ ಕರೆ) ಮಾಡುತ್ತೆ. ಲಿನಕ್ಸ್‌ನಲ್ಲಿ /ಟಿಎಂಪಿ/ವರದಿ/2024 ಸರಿ. ಕೊನೆಗೊಂದು ಸ್ಲ್ಯಾಶ್ ಸೇರಿಸಿದರೆ ಫೈಲ್‌ಎಕ್ಸಿಸ್ಟ್ಸ್‌ಎರರ್ (ಈಗಾಗಲೇ ಇದೆ ಎಂಬ ಎರರ್). ವಿಂಡೋಸ್‌ನಲ್ಲಿ ಇಲ್ಲದ ಡ್ರೈವ್ ಕೊಟ್ಟರೆ (ಝಡ್:\ವರದಿ) ರಿಕರ್ಶನ್‌ಎರರ್, ಅಂದರೆ ತನ್ನನ್ನೇ ಕರೆಯೋದು ಮಿತಿ ಮೀರಿತು. "ಮೇಕ್‌ಡರ್ಸ್ ಇದೆಯಲ್ಲ" (ನಡುವಿನ ಫೋಲ್ಡರ್‌ಗಳನ್ನೂ ಮಾಡುವ ಪೈಥಾನ್‌ನದೇ ಫಂಕ್ಷನ್) ಅನ್ನಬೇಡಿ. ನಡುವಿನ ಪ್ರತಿ ಫೋಲ್ಡರ್‌ಗೂ ಪರ್ಮಿಶನ್ ಹಾಕಬೇಕು, ಪೈಥಾನ್ 3.7ರಿಂದ ಮೇಕ್‌ಡರ್ಸ್‌ಗೆ ಕೊಡುವ ಮೋಡ್ (ಪರ್ಮಿಶನ್ ಸಂಖ್ಯೆ) ಕೊನೆಯ ಫೋಲ್ಡರ್‌ಗೆ ಮಾತ್ರ ಅನ್ವಯ. ಟೆಸ್ಟ್‌ಗಳನ್ನು ಹೇಗೆ ಜೋಡಿಸೋದು?

ಬೇರುಕೊಂಬೆ:
ಎರಡೂ ತಪ್ಪು ಡರ್‌ನೇಮ್‌ನಿಂದಲೇ. ವರದಿ/2024/ ಕೊಟ್ಟರೆ ಅದು ವರದಿ/2024 ಅನ್ನುತ್ತೆ. ಅದನ್ನು ಮಾಡಿ ಮುಗಿಸಿ, ಅದೇ ಫೋಲ್ಡರನ್ನು ಸ್ಲ್ಯಾಶ್ ಸಮೇತ ಮತ್ತೆ ಮಾಡಲು ಹೋಗ್ತೀರಿ. ಝಡ್:\ ಗೆ ಡರ್‌ನೇಮ್ ಕೇಳಿದರೆ ಬರೋದು ಝಡ್:\ ಮಾತ್ರ, ಹಾಗಾಗಿ ರಿಕರ್ಶನ್ ನಿಲ್ಲಲ್ಲ. ಬರೀ "ವರದಿ" ಕೊಟ್ಟು ನೋಡಿ, ಲಿನಕ್ಸ್‌ನಲ್ಲೂ ಇದೇ ಗತಿ: ಖಾಲಿ ಸ್ಟ್ರಿಂಗ್‌ನ ಡರ್‌ನೇಮ್ ಖಾಲಿಯೇ. ಮೇಲಿನದು ಮತ್ತು ಈಗಿನದು ಒಂದೇ ಆದರೆ ಅಲ್ಲೇ ನಿಲ್ಲಿಸಿ.

ಟೆಸ್ಟ್ ಮಾಡೋಕೆ ಅನುಕೂಲ ಆಗಬೇಕಾದರೆ ಫಂಕ್ಷನ್ ಒಡೆಯಿರಿ. "ಯಾವ ಯಾವ ಫೋಲ್ಡರ್ ಮಾಡಬೇಕು" ಎಂಬ ಪಟ್ಟಿ ಕೊಡೋದು ಒಂದು, ನಿಜವಾಗಿ ಮಾಡೋದು ಇನ್ನೊಂದು. ಪಟ್ಟಿ ಕೊಡುವುದು ಡಿಸ್ಕ್ ಮುಟ್ಟದಿರಲಿ. ಪ್ಯೂರ್‌ವಿಂಡೋಸ್‌ಪಾಥ್, ಪ್ಯೂರ್‌ಪಾಸಿಕ್ಸ್‌ಪಾಥ್ (ವಿಂಡೋಸ್ ಮತ್ತು ಲಿನಕ್ಸ್ ಮಾದರಿಯ ಪಾಥ್‌ಗಳನ್ನು ಡಿಸ್ಕ್ ಮುಟ್ಟದೆ ಬಿಡಿಸುವ ಪೈಥಾನ್ ಕ್ಲಾಸ್‌ಗಳು) ಎರಡೂ ಯಾವ ಓಎಸ್‌ನಲ್ಲಾದರೂ ಓಡುತ್ತವೆ, ಹಾಗಾಗಿ ವಿಂಡೋಸ್ ಪಾಥ್‌ಗಳ ಮುಕ್ಕಾಲು ಪಾಲು ಲಿನಕ್ಸ್‌ನಲ್ಲೇ ಪರೀಕ್ಷಿಸಬಹುದು. ಉದಾಹರಣೆಗೆ \\ಸರ್ವರ್\ಷೇರ್\ವರದಿ\2024 (ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್‌ನ ಪಾಥ್) ಕೊಟ್ಟರೆ ಪಟ್ಟಿಯಲ್ಲಿ ಎರಡೇ ಹೆಸರು ಬರಬೇಕು. \\ಸರ್ವರ್ ಅಥವಾ ಷೇರ್ ತನಕದ್ದು ಬಂದರೆ ಫೇಲ್. ಷೇರ್ ಅನ್ನೋದು ಬೇರು, ಅದನ್ನು ನೀವು ಸೃಷ್ಟಿಸೋಕಾಗಲ್ಲ.

ಹಿಂದೆಗೆರೆ:
ಉಳಿದ ಕಾಲು ಪಾಲಿಗೆ ನಿಜವಾದ ವಿಂಡೋಸ್ ರನ್ನರ್ (ಟೆಸ್ಟ್ ಓಡಿಸುವ ಯಂತ್ರ) ಬೇಕೇ ಬೇಕು. ಪೈಟೆಸ್ಟ್‌ನ ಪ್ಯಾರಾಮೆಟ್ರೈಸ್‌ಗೆ (ಒಂದೇ ಟೆಸ್ಟನ್ನು ಹಲವು ಇನ್‌ಪುಟ್‌ ಕೊಟ್ಟು ಓಡಿಸುವ ಸೌಲಭ್ಯ) ಇವನ್ನು ಹಾಕಿ:

ಸಿ:ವರದಿ (ಕೋಲನ್ ಆದ ಮೇಲೆ ಸ್ಲ್ಯಾಶ್ ಇಲ್ಲ). ಇದು ಸಿ ಡ್ರೈವ್‌ನ ಬೇರಿಗಲ್ಲ, ಆ ಡ್ರೈವ್‌ನ ಈಗಿನ ಫೋಲ್ಡರ್‌ಗೆ ಹೋಗುತ್ತೆ. ಟೆಸ್ಟ್‌ನಲ್ಲಿ ಮೊದಲು ಸಿಎಚ್‌ಡಿಐಆರ್ ಮಾಡಿ (ಈಗಿನ ಫೋಲ್ಡರ್ ಬದಲಿಸಿ).

"ಮೇ." ಅಂದರೆ ಕೊನೆಗೆ ಚುಕ್ಕಿ. ವಿಂಡೋಸ್ ಚುಕ್ಕಿ ನುಂಗಿ "ಮೇ" ಅಂತ ಮಾಡುತ್ತೆ. ಆಮೇಲೆ ಎಕ್ಸಿಸ್ಟ್ಸ್ (ಆ ಪಾಥ್ ಇದೆಯೇ ಎಂಬ ಫಂಕ್ಷನ್) ಕೇಳಿದರೆ ಎರಡಕ್ಕೂ ಹೌದು ಅನ್ನುತ್ತೆ! ಲಿಸ್ಟ್‌ಡಿಐಆರ್ ಮಾಡಿ, ಅಂದರೆ ಒಳಗಿನ ಹೆಸರುಗಳ ಪಟ್ಟಿ ತೆಗೆದು, ಹೆಸರನ್ನೇ ಹೋಲಿಸಿ.

ಉದ್ದದ ಪಾಥ್. ಪೂರ್ತಿ ಮಿತಿ 260 ಅಕ್ಷರ, ಆದರೆ ಫೋಲ್ಡರ್ ಮಾಡುವಾಗ 248ಕ್ಕೇ ತಡೆ, ಏಕೆಂದರೆ ಒಳಗೆ 8.3 ಮಾದರಿಯ (8 ಅಕ್ಷರದ ಹೆಸರು, 3 ಅಕ್ಷರದ ಎಕ್ಸ್‌ಟೆನ್ಶನ್) ಒಂದು ಫೈಲ್ ಹೆಸರಿಗೆ ಜಾಗ ಬಿಡಬೇಕು. ಲಾಂಗ್ ಪಾಥ್ ಸೆಟ್ಟಿಂಗ್ ಆನ್ ಆಗಿರುವ ಯಂತ್ರದಲ್ಲಿ ಈ ಟೆಸ್ಟ್ ಸಲೀಸಾಗಿ ಪಾಸ್ ಆಗಿ ಮೋಸ ಮಾಡುತ್ತೆ. ರಿಜಿಸ್ಟ್ರಿಯಲ್ಲಿ ಆ ಸೆಟ್ಟಿಂಗ್ ಓದಿ, ಅದಕ್ಕೆ ತಕ್ಕಂತೆ ಟೆಸ್ಟ್ ಕವಲೊಡೆಯಿರಿ. ಪಾಥ್‌ನ ಶುರುವಿಗೆ \\?\ ಹಾಕಿದರೆ ಮಿತಿ ಸುಮಾರು 32,767ಕ್ಕೆ ಏರುತ್ತೆ, ಆದರೆ / ತಾನಾಗಿ \ ಆಗಲ್ಲ, ಎರಡು ಚುಕ್ಕಿಯೂ (ಮೇಲಿನ ಫೋಲ್ಡರ್ ಎಂಬ ಗುರುತು) ಬಿಡಿಸಿಕೊಳ್ಳಲ್ಲ. ಚುಕ್ಕಿ ನುಂಗುವುದೂ ನಿಲ್ಲುತ್ತೆ.

ಇನ್ನು ಲಿನಕ್ಸ್‌ನಲ್ಲಿ ವರದಿ\2024 ಕೊಟ್ಟರೆ ಎರಡು ಹಂತ ಆಗಲ್ಲ, ಬ್ಯಾಕ್‌ಸ್ಲ್ಯಾಶ್ ಸಮೇತ ಒಂದೇ ಫೋಲ್ಡರ್ ಆಗುತ್ತೆ. ಅದು ತಪ್ಪಲ್ಲ. ನಿಮ್ಮ ಫಂಕ್ಷನ್ ಅದನ್ನು ಒಪ್ಪಬೇಕೋ ತಿರಸ್ಕರಿಸಬೇಕೋ ನೀವೇ ತೀರ್ಮಾನಿಸಿ ಟೆಸ್ಟ್‌ನಲ್ಲಿ ಬರೆದಿಡಿ.

ಒತ್ತಕ್ಷರ:
ಕನ್ನಡ ಹೆಸರನ್ನು ಯಾರೂ ಟೆಸ್ಟ್ ಮಾಡಲ್ಲ, ಅದಕ್ಕೇ ಹೇಳ್ತೀನಿ. ಇಎಕ್ಸ್‌ಟಿ4ನಲ್ಲಿ (ಲಿನಕ್ಸ್‌ನ ಫೈಲ್ ಸಿಸ್ಟಮ್) ಒಂದು ಹೆಸರಿಗೆ 255 ಬೈಟ್. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯುನಿಕೋಡ್ ಸಂಖ್ಯೆ ಇರುವ ಒಂದೊಂದು ಅಕ್ಷರ ಅಥವಾ ಚಿಹ್ನೆ) 3 ಬೈಟ್, ಅಂದರೆ 85ಕ್ಕೆ ಮುಗೀತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಣಿಸೋದು ಯುಟಿಎಫ್-16 ಘಟಕಗಳನ್ನು, ಅಲ್ಲಿ 255 ಹಿಡಿಯುತ್ತೆ. 85 ಮತ್ತು 86 ಎರಡೂ ಹಾಕಿ.

ಇನ್ನೊಂದು: "ಕೋಲಾರ" ಎನ್‌ಎಫ್‌ಸಿಯಲ್ಲಿ (ಚಿಹ್ನೆ ಕೂಡಿಸಿ ಬರೆಯುವ ಯುನಿಕೋಡ್ ರೂಪ) 5 ಕೋಡ್‌ಪಾಯಿಂಟ್, ಎನ್‌ಎಫ್‌ಡಿಯಲ್ಲಿ (ಬಿಡಿಸಿ ಬರೆಯುವ ರೂಪ) 7, ಏಕೆಂದರೆ ಓತ್ವ ಮೂರು ಚಿಹ್ನೆಯಾಗಿ ಒಡೆಯುತ್ತೆ. ಲಿನಕ್ಸ್‌ನಲ್ಲಿ ಇವೆರಡೂ ಬೇರೆ ಬೇರೆ ಫೋಲ್ಡರ್, ತೆರೆಯ ಮೇಲೆ ಒಂದೇ ರೂಪ. ಮ್ಯಾಕ್‌ನ ಎಪಿಎಫ್‌ಎಸ್ ಎರಡನ್ನೂ ಒಂದೇ ಎಂದು ಎಣಿಸುತ್ತೆ.

ಕಡತಪೆಟ್ಟಿಗೆ:
ಪಟ್ಟಿ ಕೊಡುವ ಭಾಗ ಬೇರೆ ಮಾಡಿದೆ, ರಿಕರ್ಶನ್ ನಿಂತಿತು. ನಡುವೆ ಫೋಲ್ಡರ್ ಬದಲು ಫೈಲ್ ಇದ್ದರೆ ಯಾವ ಎರರ್ ನಿರೀಕ್ಷಿಸಬೇಕು?

ಬೇರುಕೊಂಬೆ:
ಲಿನಕ್ಸ್‌ನಲ್ಲಿ ನಾಟ್‌ಎಡೈರೆಕ್ಟರಿಎರರ್ (ಇದು ಫೋಲ್ಡರ್ ಅಲ್ಲ), ವಿಂಡೋಸ್‌ನಲ್ಲಿ ಫೈಲ್‌ನಾಟ್‌ಫೌಂಡ್‌ಎರರ್ (ಸಿಗಲಿಲ್ಲ). ಎರಡೂ ಓಎಸ್‌ಎರರ್‌ನ ಮಕ್ಕಳು, ಹಾಗಂತ ಟೆಸ್ಟ್‌ನಲ್ಲಿ ಓಎಸ್‌ಎರರ್ ಅಂತಷ್ಟೇ ಬರೆದರೆ ಡಿಸ್ಕ್ ತುಂಬಿದಾಗಲೂ ಪಾಸ್ ಆಗುತ್ತೆ. ಎರಡನ್ನೂ ಟಪಲ್‌ನಲ್ಲಿ (ಒಂದು ಗುಂಪಾಗಿ) ಹೆಸರಿಸಿ. ಕೊನೆಯ ಹೆಸರಲ್ಲೇ ಮುರಿದ ಸಿಮ್‌ಲಿಂಕ್ (ಇಲ್ಲದ ಜಾಗ ತೋರಿಸುವ ಕೊಂಡಿ) ಇಟ್ಟು ನೋಡಿ: ಎಕ್ಸಿಸ್ಟ್ಸ್ ಇಲ್ಲ ಅನ್ನುತ್ತೆ, ಎಂಕೆಡಿಐಆರ್ ಇದೆ ಅನ್ನುತ್ತೆ.

ಪರ್ಮಿಶನ್ ಟೆಸ್ಟ್ (ಮೇಲಿನದಕ್ಕೆ 555, ಅಂದರೆ ಬರೆಯಲಾಗದ ಪರ್ಮಿಶನ್, ಕೊಟ್ಟು ಒಳಗೆ ಮಾಡಲು ನೋಡೋದು) ಡಾಕರ್ ಕಂಟೇನರ್ ಒಳಗೆ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಓಡಿಸಿದರೆ ಎರರ್ ಬರೋದೇ ಇಲ್ಲ. ಜಿಇಟಿಇಯುಐಡಿ (ಓಡಿಸುತ್ತಿರುವ ಯೂಸರ್‌ನ ಸಂಖ್ಯೆ) 0, ಅಂದರೆ ರೂಟ್, ಇದ್ದರೆ ಸ್ಕಿಪ್ ಮಾಡಿ, ಇಲ್ಲವೇ ಕಂಟೇನರ್‌ನಲ್ಲಿ ಬೇರೆ ಯೂಸರ್ ಹಾಕಿ. ಮುಗಿದ ಮೇಲೆ 755ಕ್ಕೆ ಮರಳಿಸಿ, ಇಲ್ಲದಿದ್ದರೆ ತಾತ್ಕಾಲಿಕ ಫೋಲ್ಡರ್ ಅಳಿಸುವಾಗ ತೊಂದರೆ ಕೊಡುತ್ತೆ.