ಬೇಸ್‌ಬಾಲ್ ಎವರೇಜ್‌ನಲ್ಲಿ ಟೋನಿ ಗ್ವಿನ್ .338, ಟಿಮ್ ರೇನ್ಸ್ .294. ಆದರೂ ಇಬ್ಬರೂ ಸಮ ಅಂತಾರಲ್ಲ, ಹೇಗೆ?

ಸಾಗರದಕ್ಕ:
ಹೋದ ತಿಂಗಳು ಅಪ್ಪನನ್ನು ಪೆಟ್ಕೊ ಪಾರ್ಕಿಗೆ, ಅಂದರೆ ಇಲ್ಲಿನ ಪಾಡ್ರೆಸ್ ತಂಡದ ಮೈದಾನಕ್ಕೆ, ಕರೆದುಕೊಂಡು ಹೋಗಿದ್ದೆ. ನಾವು ಸ್ಯಾನ್ ಡಿಯೆಗೋಗೆ ಬಂದು ಆರು ವರ್ಷ ಆಯ್ತು, ಅಪ್ಪನಿಗೆ ಮಾತ್ರ ಇದೇ ಮೊದಲ ಬೇಸ್‌ಬಾಲ್. ಊರಲ್ಲಿ ಕ್ಲಬ್ ಮ್ಯಾಚುಗಳಿಗೆ ಮೂವತ್ತು ವರ್ಷ ಸ್ಕೋರ್ ಬರೆದವರು. ಪಾಡ್ರೆಸ್ ಆಟಗಾರ ಟೋನಿ ಗ್ವಿನ್ ಪ್ರತಿಮೆ ತೋರಿಸಿ, "ಇವರ ಎವರೇಜ್ .338 ಅಪ್ಪ" ಅಂದೆ. ಅಪ್ಪ ನನ್ನ ಮುಖ ನೋಡಿದರು. "ಪಾಯಿಂಟ್ ಮೂರಾ? ಅದಕ್ಕೆ ಪ್ರತಿಮೆ ಬೇರೆ!"

ಹತ್ತು ಸಲಕ್ಕೆ ಮೂರು ಹಿಟ್ (ಬಾಲ್ ಹೊಡೆದು ಔಟಾಗದೆ ಬೇಸ್, ಅಂದರೆ ಓಡಿ ಮುಟ್ಟಬೇಕಾದ ಮೂಲೆ, ತಲುಪುವುದು) ಹೊಡೆದರೆ ಇಲ್ಲಿ ದೊಡ್ಡ ಆಟಗಾರ ಅಂತ ಹೇಗೋ ಒಪ್ಪಿಸಿದೆ. ಈಗ ಹೊಸ ತಲೆನೋವು. ಆಫೀಸಿನಲ್ಲಿ ಮಾಂಟ್ರಿಯಲ್ ಕಡೆಯವರೊಬ್ಬರು ಇದ್ದಾರೆ. ನಿಮ್ಮ ಗ್ವಿನ್‌ಗಿಂತ ನಮ್ಮ ಟಿಮ್ ರೇನ್ಸ್ ಜಾಸ್ತಿ ಸಲ ಬೇಸ್ ತಲುಪಿದ್ದಾನೆ ಅಂತ ವಾದ. ಗ್ವಿನ್ ಹಿಟ್ 3,141, ರೇನ್ಸ್‌ದು 2,605. 536 ಹಿಟ್ ಕಮ್ಮಿ ಇಟ್ಟುಕೊಂಡು ಅದು ಹೇಗೆ? ಅಪ್ಪ ನೋಟ್‌ಬುಕ್ ಬಿಚ್ಚಿಕೊಂಡು ಕೂತಿದ್ದಾರೆ.

ಲೆಕ್ಕದ ಮೇಷ್ಟ್ರು:
ಅವರು ಹೇಳಿದ್ದು ಸುಳ್ಳಲ್ಲ ಅಕ್ಕ. ಪಿಚರ್ ನಾಲ್ಕು ಬಾಲ್ ಆಚೀಚೆ ಎಸೆದು, ಬ್ಯಾಟರ್ ಸುಮ್ನೆ ಬಿಟ್ಟರೆ ಮೊದಲ ಬೇಸ್ ಪುಕ್ಕಟೆ. ಅದೇ ವಾಕ್. ಎವರೇಜ್ ಹಾಕುವಾಗ ಅದನ್ನು ಹಿಟ್ ಅಂತಲೂ ಎಣಿಸಲ್ಲ, ಆಡಿದ ಸರದಿ ಅಂತಲೂ ಎಣಿಸಲ್ಲ. ಗ್ವಿನ್ ವಾಕ್ 790. ರೇನ್ಸ್ 1,330! ಬಾಲ್ ಮೈಗೆ ಬಡಿದು ಬೇಸ್ ಸಿಕ್ಕಿದ್ದು 24 ಮತ್ತು 42. ಎಲ್ಲ ಕೂಡಿಸಿ: ಗ್ವಿನ್ 3,955, ರೇನ್ಸ್ 3,977.

ಅಪ್ಪನಿಗೆ ಹೀಗೆ ಹೇಳಿ. ದ್ರಾವಿಡ್ ಆಫ್ ಸ್ಟಂಪ್ ಆಚೆ ಬಿಡುತ್ತಿದ್ದ ಬಾಲಿಗೂ ಸ್ಕೋರ್ ಬುಕ್ಕಿನಲ್ಲಿ ಏನಾದರೂ ಸಿಗುವ ಹಾಗಿದ್ದರೆ?

ಪಾಡ್ರೆಸ್ ಪುಟ್ಟ:
ಮೇಷ್ಟ್ರೇ, ನಿಲ್ಲಿ. ಎರಡನೇ ಬೇಸಿನಲ್ಲಿ ಓಟಗಾರ ಒಬ್ಬನೇ ನಿಂತಿದ್ದಾಗ ಬ್ಯಾಟರ್‌ಗೆ ವಾಕ್ ಸಿಕ್ಕರೆ ಅವನು ಅಲ್ಲೇ ನಿಂತಿರುತ್ತಾನೆ. ಹಿಟ್ ಬಿದ್ದರೆ ಹೋಮ್ ಬೇಸಿಗೆ ಓಡಿ ರನ್ ತರಬಹುದು. ಎರಡೂ ಒಂದೇನಾ? ಹೋಮ್ ರನ್ ರೇನ್ಸ್‌ದೇ ಜಾಸ್ತಿ, 170ಕ್ಕೆ 135. ಆದರೂ ಸ್ಲಗಿಂಗ್‌ನಲ್ಲಿ (ಒಂದು ಹಿಟ್‌ಗೆ ಎಷ್ಟು ಬೇಸ್ ಸಿಕ್ಕಿತು ಅಂತಲೂ ಎಣಿಸುವ ಎವರೇಜ್) ಗ್ವಿನ್ .459, ರೇನ್ಸ್ .425.

ಇನ್ನು ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟಾಗುವುದು. 20 ಸೀಸನ್‌ನಲ್ಲಿ ಗ್ವಿನ್ ಒಟ್ಟು 434. ಈಗಿನ ಕೆಲವರು ಮೂರೇ ಸೀಸನ್‌ನಲ್ಲಿ ಅಷ್ಟು ಮುಗಿಸುತ್ತಾರೆ. ಗ್ರೆಗ್ ಮ್ಯಾಡಕ್ಸ್ ಅಂಥ ಪಿಚರ್ ಎದುರು 94 ಸರದಿಗೆ 39 ಹಿಟ್, ಸ್ಟ್ರೈಕ್‌ಔಟ್ ಸೊನ್ನೆ. ಸೊನ್ನೆ! 1994ರಲ್ಲಿ .394ರಲ್ಲಿದ್ದಾಗ ಆಗಸ್ಟ್‌ನಲ್ಲಿ ಸ್ಟ್ರೈಕ್ ಆಗಿ ಸೀಸನ್ನೇ ನಿಂತುಹೋಯ್ತು. ಅದು ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಲೆಕ್ಕದ ಮೇಷ್ಟ್ರು:
ಒಪ್ಪಿದೆ, ಬ್ಯಾಟಿನಲ್ಲಿ ಗ್ವಿನ್ನೇ ಒಂದು ಕೈ ಮೇಲು. ಆದರೆ ಬೇಸ್ ತಲುಪಿದ ಮೇಲೆ ರೇನ್ಸ್ ಬೇರೆ ಮನುಷ್ಯ. ಕದ್ದ ಬೇಸ್, ಅಂದರೆ ಯಾರೂ ಹೊಡೆಯದೆಯೇ ಓಡಿ ಹಿಡಿದ ಮುಂದಿನ ಬೇಸ್, 808; ಸಿಕ್ಕಿಬಿದ್ದಿದ್ದು 146 ಸಲ. ಗ್ವಿನ್ 319 ಕದ್ದು 125 ಸಲ ಸಿಕ್ಕಿಬಿದ್ದ. ಅದೇ ಕಾಲದ ವೇಡ್ ಬಾಗ್ಸ್ ನೋಡಿ: ಎವರೇಜ್ .328, ಗ್ವಿನ್‌ಗಿಂತ ಹತ್ತು ಪಾಯಿಂಟ್ ಕಮ್ಮಿ. ಬೇಸ್ ತಲುಪುವ ಪ್ರಮಾಣ ಮಾತ್ರ .415. ಗ್ವಿನ್ .388, ರೇನ್ಸ್ .385.

ಗ್ವಿನ್‌ಗೆ ಹಾಲ್ ಆಫ್ ಫೇಮ್ (ಮತ ಹಾಕಿ ಶ್ರೇಷ್ಠ ಆಟಗಾರರನ್ನು ಸೇರಿಸುವ ಗೌರವ ಪಟ್ಟಿ) 2007ರಲ್ಲಿ, ಮೊದಲ ಸಲಕ್ಕೇ, ಶೇ. 97.6 ಮತ. ರೇನ್ಸ್ ಹತ್ತನೆಯ, ಕೊನೆಯ ಅವಕಾಶದಲ್ಲಿ 2017ರಲ್ಲಿ ಒಳಗೆ ಹೋದ. ಇಷ್ಟೊಂದು ಅಂತರ ಬೇಕಿತ್ತಾ?

ಸಾಗರದಕ್ಕ:
ಇಬ್ಬರಿಗೂ ಥ್ಯಾಂಕ್ಸ್. ಅಪ್ಪನಿಗೆ ಎಲ್ಲ ಓದಿ ಹೇಳಿದೆ. "ಸ್ಟ್ರೈಕ್ ಆಗಿ ನಿಂತಿತು" ಅಂದಾಗ, "ಒಂದು ಸ್ಟ್ರೈಕಿಗೆಲ್ಲ ಆಟ ನಿಲ್ಲಿಸ್ತಾರಾ?" ಅಂದರು. ಮುಷ್ಕರ ಅಪ್ಪ, ಆಟಗಾರರು ಮುಷ್ಕರ ಹೂಡಿದ್ದು ಅಂತ ಬಿಡಿಸಿ ಹೇಳಬೇಕಾಯ್ತು. ಆಮೇಲೆ ಆ ವರ್ಷದ ಲೆಕ್ಕ ಕೇಳಿ ಬರೆದುಕೊಂಡರು: 419ಕ್ಕೆ 165. ಪಕ್ಕದಲ್ಲೇ ಭಾಗಾಕಾರ. ಸ್ವಲ್ಪ ಹೊತ್ತಿಗೆ ಅಡುಗೆಮನೆಗೇ ಬಂದರು. "ಇನ್ನು ಮೂರೇ ಮೂರು ಹೊಡೆದಿದ್ದರೆ .400 ದಾಟ್ತಿತ್ತಲ್ಲೇ!"

ಪ್ರತಿಮೆ ಬಗ್ಗೆ ಈಗ ತಕರಾರಿಲ್ಲ. ಮಾಂಟ್ರಿಯಲ್‌ನವರಿಗೆ ಅರ್ಧ ಸೋಲು ಒಪ್ಕೊಳ್ತೀನಿ. ಆ 808ರ ವಿಷಯ ಮಾತ್ರ ನಾನಾಗಿ ಎತ್ತಲ್ಲ.